ಅತ್ತೆಯ ಮೂಗು, ಬೇಸಿಗೆಯ ಊಟ

ಮೊನ್ನೆ ಗಾಂಧಿ ಬಜಾರಿನಲ್ಲಿ ಇಂಗು ಕೊಂಡೆ. ಅಂಗಡಿಯವನು ಡಬ್ಬಿಯ ಮುಚ್ಚಳವನ್ನು ಸರಿಯಾಗಿ ಒತ್ತಿರಲಿಲ್ಲವೋ, ನಾನೇ ಚೀಲದಲ್ಲಿ ಸೌತೆಕಾಯಿಯ ಅಡಿಗೆ ತುರುಕಿ ಸಡಿಲ ಮಾಡಿದೆನೋ ಗೊತ್ತಿಲ್ಲ. ಸಿಟಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹುಡುಗಿ ಮೊದಲು ಕಿಟಕಿ ಸರಿಸಿದಳು, ಆಮೇಲೆ ದುಪಟ್ಟಾ ಮೂಗಿಗೆ ಹಿಡಿದಳು, ಕೊನೆಗೆ ಎದ್ದು ಹೋಗಿ ಕಂಬಿ ಹಿಡಿದು ನಿಂತಳು. ರವೀಂದ್ರನಗರದಲ್ಲಿ ನಾನು ಇಳಿದಾಗ ಇಡೀ ಬಸ್ಸಿಗೇ ಬಿಡುಗಡೆ ಸಿಕ್ಕಂತಾಗಿರಬೇಕು. ಮನೆಗೆ ಬಂದು ಚೀಲವನ್ನು ಅತ್ತೆಯ ಕಾಲ ಬುಡದಲ್ಲೇ ಇಟ್ಟೆ. ಅವರು ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ, "ಇಂಗು ತಂದ್ಯಾ?" ಎಂದು ಕೇಳಿದರು.

ಬೀದಿಯ ನಾಯಿಗೂ ಗೊತ್ತಾಗಿದ್ದ ಸಂಗತಿಯನ್ನು ಅವರು ಕೇಳಿ ತಿಳಿದುಕೊಳ್ಳಬೇಕಾಯಿತು. ನಮ್ಮ ಮನೆಯಲ್ಲಿ ಈಗ ಅದು ಸಹಜ. ಆದರೂ ಅಂಥ ಪ್ರಶ್ನೆ ಬಂದಾಗಲೆಲ್ಲ ನನಗೆ ಎರಡು ಬೇಸಿಗೆಯ ಹಿಂದಿನ ಒಂದು ಶನಿವಾರದ ಸಂಜೆ ನೆನಪಾಗುತ್ತದೆ. ಆ ಸಂಜೆಯ ಕತೆಯನ್ನು ನಿಮಗೆ ಹೇಳಬೇಕೆಂದೇ ಕೂತಿದ್ದೇನೆ. ಆದರೆ ನಮ್ಮ ಮನೆಯ ಊಟದ ಪಟ್ಟಿಯ ವಿಷಯ ಗೊತ್ತಿಲ್ಲದಿದ್ದರೆ ನಿಮಗೆ ಅದು ಅರ್ಥವಾಗುವುದಿಲ್ಲ. ಸ್ವಲ್ಪ ತಾಳಿ.

ನಮ್ಮಲ್ಲಿ ಏಪ್ರಿಲ್ ಬಂತೆಂದರೆ ಪ್ರತಿ ಭಾನುವಾರ ಸಂಜೆ ಒಂದು ಸಭೆ ನಡೆಯುತ್ತದೆ. ಸದಸ್ಯರು ಇಬ್ಬರೇ, ನಾನು ಮತ್ತು ಅತ್ತೆ. ನಮ್ಮವರು ವಿಶೇಷ ಆಹ್ವಾನಿತರು, ಮಾತಾಡುವ ಹಕ್ಕಿಲ್ಲ. ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದು ಅದರ ಬೆನ್ನಿಗೆ ಮುಂದಿನ ವಾರದ ಏಳು ರಾತ್ರಿಯ ಊಟ ಬರೆಯುವುದು ಸಭೆಯ ಕೆಲಸ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಹೇಗೋ ಆಗುತ್ತವೆ. ಬೇಸಿಗೆಯಲ್ಲಿ ಮನುಷ್ಯನನ್ನು ಸೋಲಿಸುವುದು ರಾತ್ರಿಯ ಅಡುಗೆ. ಆಫೀಸಿನಿಂದ ಬೆವರಿ ಬಂದವಳು ಒಲೆಯ ಮುಂದೆ ನಿಂತು ಏನು ಮಾಡಲಿ ಎಂದು ಯೋಚಿಸತೊಡಗಿದರೆ ಮುಗಿಯಿತು, ಆ ರಾತ್ರಿ ಎಲ್ಲರಿಗೂ ಅವಲಕ್ಕಿಯೇ ಗತಿ. ಅದಕ್ಕೇ ಪಟ್ಟಿ. ಒಂದು ದಿನ ಒಂದೆಲಗದ ತಂಬುಳಿ, ಅನ್ನ. ಒಂದು ದಿನ ಮಾವಿನಕಾಯಿಯ ಅಪ್ಪೆಹುಳಿ. ಒಂದು ದಿನ ಹೆಸರುಬೇಳೆ ಕೋಸಂಬರಿಯ ಜೊತೆ ಮೊಸರನ್ನ. ಇನ್ನೊಂದು ದಿನ ಗಂಜಿ, ಮಾವಿನ ಮಿಡಿ, ಸುಟ್ಟ ಹಪ್ಪಳ. ಬೂದುಗುಂಬಳದ ಮಜ್ಜಿಗೆಹುಳಿ ಶನಿವಾರಕ್ಕೆ ಮೀಸಲು. ಗುರುವಾರದ ಎದುರು ಏನನ್ನೂ ಬರೆಯುವಂತಿಲ್ಲ. ಅದು ಖಾಲಿ ದಿನ. "ಒಂದು ದಿನ ಖಾಲಿ ಬಿಡ್ಬೇಕು ಮಾರಾಯ್ತಿ. ಯಾರಾದ್ರೂ ಬರ್ತಾರೆ, ಯಾರಾದ್ರೂ ಹಲಸಿನಹಣ್ಣು ಕೊಡ್ತಾರೆ. ಇಲ್ಲಾಂದ್ರೆ ನಿಂಗೇ ಸಾಕಾಗುತ್ತೆ" ಎನ್ನುತ್ತಿದ್ದರು ಅತ್ತೆ. ಇಪ್ಪತ್ತು ವರ್ಷದಿಂದ ಕಚೇರಿಯಲ್ಲಿ ಯೋಜನೆಗಳ ಕಡತ ಹೊರುತ್ತಿದ್ದೇನೆ. ಸಾಕಾಗುವುದಕ್ಕೂ ಒಂದು ದಿನ ಇಟ್ಟ ಯೋಜನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ವಿದ್ಯೆಯನ್ನು ಅತ್ತೆ ಕಲಿತದ್ದು ಭದ್ರಾವತಿಯಲ್ಲಿ. ಮಾವನವರು ಅಲ್ಲಿಯ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸದಲ್ಲಿದ್ದರು. ಅವರ ಕ್ವಾರ್ಟರ್ಸಿನಲ್ಲಿ ವಾರವೆಂದರೆ ಸೋಮವಾರ, ಮಂಗಳವಾರ ಅಲ್ಲ. ಫಸ್ಟ್ ಶಿಫ್ಟಿನ ವಾರ, ಸೆಕೆಂಡ್ ಶಿಫ್ಟಿನ ವಾರ, ನೈಟ್ ಶಿಫ್ಟಿನ ವಾರ. ಊಟ ಶಿಫ್ಟಿಗೆ ತಕ್ಕಂತೆ. ನೈಟ್ ಶಿಫ್ಟಿಗೆ ಹೊರಡುವವರಿಗೆ ಮೊಸರನ್ನ ಹಾಕುವಂತಿಲ್ಲ, ಕುಲುಮೆಯ ಮುಂದೆ ಕಣ್ಣು ಎಳೆದರೆ ಜೀವಕ್ಕೇ ಸಂಚಕಾರ. ಸೆಕೆಂಡ್ ಶಿಫ್ಟಿನ ವಾರ ಅದಕ್ಕಿಂತ ಕಷ್ಟ. ಸಂಜೆಯೇ ಮಾಡಿಟ್ಟದ್ದು ಅವರು ಬರುವ ಹೊತ್ತಿನ ತನಕ ಕೆಡದೆ ಕಾಯಬೇಕು. ಶೀಟಿನ ಮಾಡು, ಬೇಸಿಗೆಯ ಧಗೆ, ಫ್ರಿಜ್ ಎನ್ನುವುದು ಸಾಹೇಬರ ಬಂಗಲೆಯಲ್ಲಿ ಮಾತ್ರ. ತೆಂಗಿನಕಾಯಿ ಅರೆದು ಹಾಕಿದ್ದು ಯಾವ ಗಳಿಗೆಯಲ್ಲಿ ಹಳಸತೊಡಗುತ್ತದೆ ಎನ್ನುವುದನ್ನು ಹೇಳಬಲ್ಲ ಮೂಗು ಇಲ್ಲದಿದ್ದರೆ ಅಲ್ಲಿ ಸಂಸಾರ ಮಾಡುವಂತಿರಲಿಲ್ಲ. ಅತ್ತೆಗೆ ಆ ಮೂಗು ಇತ್ತು.

ಇತ್ತು ಎಂದರೆ ಸಾಲದು. ಇಡೀ ಸಾಲಿಗೇ ಅದೊಂದೇ ಮೂಗು. ಅಕ್ಕಪಕ್ಕದ ತಮಿಳರು, ತೆಲುಗರು ಬಟ್ಟಲು ಹಿಡಿದುಕೊಂಡು ಬಂದು, ಇದು ಇನ್ನೂ ನಡೆಯುತ್ತದೆಯೇ ನೋಡಿ ಎಂದು ಕೇಳುತ್ತಿದ್ದರಂತೆ. ಒಮ್ಮೆ ಗೋಡೆಯಾಚೆಯ ಸೆಲ್ವಿಯ ಮನೆಯಲ್ಲಿ ಸಾಂಬಾರು ಕುದಿಯುತ್ತಿರುವಾಗ ಅತ್ತೆ ಬಟ್ಟೆ ಒಣಹಾಕುತ್ತಾ, "ಸೆಲ್ವಿ, ಉಪ್ಪು ಮರ್ತಿದ್ದೀಯ" ಎಂದು ಕೂಗಿದರಂತೆ. ಮರೆತಿದ್ದು ನಿಜ. "ಅಕ್ಕಾ, ನಿಂದು ಮೂಗು ಅಲ್ಲ, ಮಿಷಿನ್ನು" ಎಂದಳಂತೆ ಸೆಲ್ವಿ. ಈ ಕತೆಯನ್ನು ನಮ್ಮ ಮನೆಗೆ ಬಂದ ಯಾರೂ ಕೇಳದೆ ವಾಪಸ್ಸು ಹೋದದ್ದಿಲ್ಲ.

ಉಪ್ಪಿಗೆ ವಾಸನೆ ಎಲ್ಲಿದೆ ಎಂದು ನೀವು ಕೇಳುತ್ತೀರಿ. ಮದುವೆಯಾದ ಹೊಸದರಲ್ಲಿ ನಾನೂ ಕೇಳಿದ್ದೆ. "ಉಪ್ಪಿಗೆ ಇಲ್ಲ. ಉಪ್ಪು ಬಿದ್ದ ಹುಳಿಗೆ ಇದೆ" ಎಂದಿದ್ದರು. ಅವರದು ಮಡಿಯ ಮನೆತನ. ದೇವರಿಗೆ ತೋರಿಸುವ ಮೊದಲು ಅಡುಗೆಯನ್ನು ಬಾಯಿಗೆ ಹಾಕುವಂತಿಲ್ಲ, ಹಾಕಿದರೆ ಎಂಜಲು. ಹಾಗಾಗಿ ಆ ಮನೆಯ ಹೆಂಗಸರು ತಲೆಮಾರುಗಳಿಂದ ಕುದಿಯುವ ಹಬೆಯಲ್ಲೇ ಉಪ್ಪು, ಹುಳಿ, ಖಾರ ನೋಡುತ್ತ ಬಂದವರು. ಮಡಿ ಎಲ್ಲ ಸಡಿಲವಾಗಿ ಎಷ್ಟೋ ವರ್ಷವಾದರೂ ಈ ಪದ್ಧತಿ ಮಾತ್ರ ಉಳಿದುಕೊಂಡಿತ್ತು. ನನ್ನ ತವರಿನಲ್ಲೋ, ಅಮ್ಮ ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿ ನೋಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಹೋಗುತ್ತಿದ್ದವಳು. ಇಲ್ಲಿ ನಾನು ಮೊದಲ ವಾರವೇ ಅಂಗೈ ನೆಕ್ಕಿ ಸಿಕ್ಕಿಬಿದ್ದೆ. ಅತ್ತೆ ಬೈಯಲಿಲ್ಲ. ಸುಮ್ಮನೆ ಒಂದು ಕುರ್ಚಿ ತಂದು ಅಡುಗೆಮನೆಯ ಬಾಗಿಲಲ್ಲಿ ಹಾಕಿಕೊಂಡು ಕೂತರು. ಆಮೇಲೆ ಏಳಲೇ ಇಲ್ಲ.

ಹದಿನೆಂಟು ವರ್ಷ! ಕಚೇರಿಯಲ್ಲಿ ಕಡತಕ್ಕೆ ಸಾಹೇಬರ ಸಹಿ ಬೇಕು, ಮನೆಯಲ್ಲಿ ಹುಳಿಗೆ ಅತ್ತೆಯ ಮೂಗು ಬೇಕು. ಕುದಿ ಬಂದೊಡನೆ ಬಾಗಿಲಿನಿಂದ ತೀರ್ಪು ಹೊರಬೀಳುತ್ತಿತ್ತು. "ಒಂಚೂರು ಉಪ್ಪು ಬೇಕು." "ಸಾಕು, ಇಳಿಸು." "ಇವತ್ತು ಉಪ್ಪು ಮುಂದಾಯ್ತು, ಒಂದು ಲೋಟ ಮಜ್ಜಿಗೆ ಹಾಕು." ತೀರ್ಪು ಹೆಚ್ಚುಕಡಿಮೆ ಯಾವಾಗಲೂ ಸರಿಯಾಗಿರುತ್ತಿತ್ತು, ಅದೇ ನನಗೆ ಉರಿ. ಆ ಕುರ್ಚಿಯನ್ನು ಒಂದು ದಿನ ಗುಜರಿಯವನಿಗೆ ಕೊಟ್ಟುಬಿಡಬೇಕು ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ. ನನ್ನ ಅಡುಗೆಮನೆಯಲ್ಲಿ ನಾನು ಒಂಟಿಯಾಗಿ ಒಂದು ಸಾರು ಮಾಡಬೇಕು, ಅದು ಕೆಟ್ಟರೂ ನನ್ನ ಕೈಯಿಂದಲೇ ಕೆಡಬೇಕು. ಇದಕ್ಕಿಂತ ದೊಡ್ಡ ಆಸೆ ನನಗೆ ಇರಲಿಲ್ಲ ಎಂದರೆ ನೀವು ನಗಬಹುದು. ಸೊಸೆಯಂದಿರು ನಗಲಾರರು.

ಇನ್ನು ಆ ಬೇಸಿಗೆಯ ವಿಷಯ. ನನ್ನ ನಾದಿನಿ ಸುಧಾ ಭದ್ರಾವತಿಯಲ್ಲೇ ಇರುವವಳು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗಳು ಇಂಚರಳಿಗೆ ಆಗ ಆರು ವರ್ಷ. ಪ್ರತಿ ಬೇಸಿಗೆ ರಜೆಯಲ್ಲಿ ಮಗು ನಮ್ಮಲ್ಲಿ. ಸುಧಾ ಶನಿವಾರ ಸಂಜೆ ಬಸ್ಸಿಗೆ ಬಂದು, ಉಂಡು, ಮಗಳ ಜೊತೆ ಭಾನುವಾರ ಕಳೆದು ಹೋಗುತ್ತಿದ್ದಳು. ಹಗಲೆಲ್ಲ ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಆ ಆರು ವಾರಕ್ಕಾಗಿ ಅತ್ತೆ ಉಳಿದ ನಲವತ್ತಾರು ವಾರ ಕಾಯುತ್ತಿದ್ದರು ಎಂದರೆ ಹೆಚ್ಚಲ್ಲ. ಪಟ್ಟಿಯಲ್ಲಿ ಆ ಭಾನುವಾರದ ಎದುರು "ಬುತ್ತಿ, ಸಕ್ರೆಬೈಲು" ಎಂದು ಬರೆದಿತ್ತು. ಮಗುವಿಗೆ ಅಲ್ಲಿಯ ಬಿಡಾರದ ಆನೆ ತೋರಿಸುವುದಿತ್ತು. ಶನಿವಾರದ ಎದುರು ಎಂದಿನಂತೆ ಮಜ್ಜಿಗೆಹುಳಿ.

ಮಧ್ಯಾಹ್ನದ ಮೊದಲೇ ಹೋಳು ಬೇಯಿಸಿ, ಕಾಯಿ ಅರೆದು ಇಟ್ಟು, ನವುಲೆಯ ಕಡೆ ಇರುವ ನಮ್ಮ ಕಚೇರಿಗೆ ಹೋಗಿದ್ದೆ. ವರ್ಷದ ಕೆಲಸ ಬಾಕಿಯಿತ್ತು, ಶನಿವಾರವೂ ಬಿಡುವಿರಲಿಲ್ಲ. ಸಂಜೆ ಎಲ್ಲ ಕೂಡಿಸಿ ಸಣ್ಣ ಉರಿಯಲ್ಲಿ ಇಡುವುದು ಅತ್ತೆಯ ಪಾಲಿನ ಕೆಲಸ. ನಾನು ಮನೆ ಮುಟ್ಟಿದಾಗ ಮಬ್ಬುಗತ್ತಲೆ. ಕರೆಂಟು ಹೋಗಿತ್ತು. ಸೊಳ್ಳೆ ಬರುತ್ತವೆಂದು ಅತ್ತೆ ಎಂದಿನಂತೆ ಕಿಟಕಿಗಳನ್ನೆಲ್ಲ ಹಾಕಿಬಿಟ್ಟಿದ್ದರು. ಬಾಗಿಲು ತಳ್ಳಿದೆ, ಗ್ಯಾಸಿನ ವಾಸನೆ ಮುಖಕ್ಕೆ ರಪ್ಪನೆ ಬಡಿಯಿತು. ಸಣ್ಣ ವಾಸನೆಯಲ್ಲ, ಉಸಿರು ಕಟ್ಟಿಸುವಂಥದ್ದು. ಅದೇನು ವಾಸನೆಯೆಂದು ತಿಳಿಯದ ಮಗು ನಡುಮನೆಯ ನೆಲದ ಮೇಲೆ ಮಲಗಿ ಆನೆಯ ಚಿತ್ರಕ್ಕೆ ಬಣ್ಣ ತುಂಬುತ್ತಿತ್ತು. ಒಳಗೆ, ಅಡುಗೆಮನೆಯಲ್ಲಿ, ದೇವರ ಗೂಡಿನ ಮುಂದೆ ಅತ್ತೆ ನಿಂತಿದ್ದರು. ದೀಪ ಹಚ್ಚುವ ಹೊತ್ತು. ಎಡಗೈಯಲ್ಲಿ ಬೆಂಕಿಪೊಟ್ಟಣ, ಬಲಗೈಯಲ್ಲಿ ಕಡ್ಡಿ.

ನಾನು ಏನು ಕೂಗಿದೆನೋ ನನಗೆ ನೆನಪಿಲ್ಲ. ಚಪ್ಪಲಿ ಕಾಲಲ್ಲೇ ಅಡುಗೆಮನೆಗೆ ನುಗ್ಗಿ ಅವರ ಕೈಗೆ ಹೊಡೆದೆ. ಪೊಟ್ಟಣ ಬಿದ್ದು ಕಡ್ಡಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅತ್ತೆ ಬೆಚ್ಚಿದರು, ಮರುಕ್ಷಣ ಸಿಟ್ಟಾದರು. "ಏನೇ ಇದು! ದೀಪದ ಹೊತ್ತಲ್ಲಿ, ಚಪ್ಪಲಿ ಕಾಲಲ್ಲಿ ದೇವರ ಮುಂದೆ ಬಂದು ಕೈಗೆ ಹೊಡೀತೀಯಾ?" ಮಜ್ಜಿಗೆಹುಳಿ ಉಕ್ಕಿ ಒಲೆಯ ತುಂಬ ಹರಿದಿತ್ತು. ಉರಿ ಆರಿತ್ತು. ತಿರುಪು ತೆರೆದೇ ಇತ್ತು. ಅದನ್ನು ತಿರುಗಿಸಿ, ಸಿಲಿಂಡರು ಬಂದ್ ಮಾಡಿ, ಹಿತ್ತಿಲ ಬಾಗಿಲು ಕಿಟಕಿ ಎಲ್ಲ ತೆರೆದು, ಮಗುವನ್ನು ಕಂಕುಳಿಗೆ ಹಾಕಿಕೊಂಡು, ಅತ್ತೆಯ ಕೈ ಹಿಡಿದು ಎಳೆದುಕೊಂಡೇ ಗೇಟಿನ ಹೊರಗೆ ಬಂದೆ. ಮಗು ಬಣ್ಣದ ಕಡ್ಡಿ ಬಿದ್ದುಹೋಯಿತೆಂದು ಅಳುತ್ತಿತ್ತು. ಅಲ್ಲೇ ಕಾಂಪೌಂಡಿನ ಕಟ್ಟೆಯ ಮೇಲೆ ಕೂತೆ.

"ಗ್ಯಾಸ್, ಅತ್ತೆ! ಮನೆ ತುಂಬ ಗ್ಯಾಸು! ನಿಮಗೆ ವಾಸನೆ ಬರ್ಲಿಲ್ವಾ?"

ಅತ್ತೆ ಮನೆಯ ಕಡೆ ನೋಡಿದರು. ಮಗುವನ್ನು ನೋಡಿದರು. ಅವರ ಮುಖದಲ್ಲಿದ್ದ ಸಿಟ್ಟು ಇಳಿಯುತ್ತಾ ಹೋಗಿದ್ದನ್ನು ಆ ಮಬ್ಬಿನಲ್ಲೂ ಕಂಡೆ.

"ಬರಲ್ಲ ಕಣೆ" ಎಂದರು.

"ಏನು ಬರಲ್ಲ?"

"ಯಾವುದೂ ಬರಲ್ಲ. ಆ ಜ್ವರ ಬಂತಲ್ಲ, ಆವಾಗಿಂದ."

ಆ ಜ್ವರ ಎಂದರೆ ಯಾವುದೆಂದು ನಿಮಗೂ ಗೊತ್ತು. ಊರಿಗೆ ಊರೇ ಬಾಗಿಲು ಹಾಕಿಕೊಂಡ ದಿನಗಳು. ನಮ್ಮ ಮನೆಯಲ್ಲೂ ಎಲ್ಲರಿಗೂ ಬಂದಿತ್ತು. ನನಗೆ ಎರಡು ವಾರ ಏನೂ ವಾಸನೆ ತಿಳಿಯದೆ, ಒಂದು ಬೆಳಿಗ್ಗೆ ಕಾಫಿಯ ಲೋಟದೊಳಗಿಂದ ಅದು ದಿಢೀರನೆ ವಾಪಸ್ಸು ಬಂದಾಗ ಮನೆಯೆಲ್ಲ ಕುಣಿದಿದ್ದೆ. ನಿಮಗೆ ಹೇಗಿದೆ ಎಂದು ಅತ್ತೆಯನ್ನು ಕೇಳಿದ್ದೆ. "ನಂಗೇನಾಗಿದೆ? ಎಲ್ಲಾ ಸರಿಯಿದೆ" ಎಂದು ಕುರ್ಚಿಯಲ್ಲಿ ಕೂತಿದ್ದರು. ಅದಾಗಿ ಮೂರು ವರ್ಷ. ಮೂರು ವರ್ಷದಿಂದ ಆ ಮೂಗು ಬರೀ ಮುಖದ ಮೇಲಿನ ಒಂದು ಅಂಗ! ನನಗೆ ಗ್ಯಾಸಿಗಿಂತ ಹೆಚ್ಚು ಇದೇ ತಲೆ ತಿರುಗಿಸಿತು.

"ಮತ್ತೆ ದಿನಾ ಬಾಗಿಲಲ್ಲಿ ಕೂತು ಉಪ್ಪು ಹೇಳ್ತಿದ್ರಲ್ಲ ಅತ್ತೆ? ಹೇಗೆ?"

"ನಿನ್ನ ನೋಡಿ ಹೇಳ್ತಿದ್ದೆ." ಅವರು ಸೆರಗಿನ ತುದಿ ಸುತ್ತುತ್ತಿದ್ದರು. "ಮನಸ್ಸು ಎಲ್ಲೋ ಇದ್ರೆ ನೀನು ಉಪ್ಪು ಕಮ್ಮಿ ಹಾಕ್ತೀಯ. ಆಫೀಸಲ್ಲಿ ಜಗಳ ಮಾಡ್ಕೊಂಡು ಬಂದಿದ್ರೆ ಜಾಸ್ತಿ. ಡಬ್ಬಿ ಮುಚ್ಚೋ ಸದ್ದಲ್ಲೇ ಗೊತ್ತಾಗುತ್ತೆ. ನಿನ್ನ ಕೈ ನಂಗೆ ಬಾಯಿಪಾಠ ಆಗಿದೆ."

ನನ್ನನ್ನು ಹೆತ್ತವಳೂ, ಕೈ ಹಿಡಿದವರೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಒಂದು ಕಡೆ ಅದು. ಇನ್ನೊಂದು ಕಡೆ, ಮೂರು ವರ್ಷದಿಂದ ನಾನು ಒಂಟಿಯಾಗಿಯೇ ಅಡುಗೆ ಮಾಡುತ್ತಿದ್ದೆ, ಯಾವ ಮೂಗೂ ನನ್ನ ಸಾರಿನ ಮೇಲೆ ಇರಲಿಲ್ಲ, ಅದು ಗೊತ್ತಿಲ್ಲದೆ ದಿನಾ ಉರಿದುಕೊಂಡಿದ್ದೆ ಎಂಬ ಅವಮಾನ. ಇವೆರಡರ ನಡುವೆ ಸಿಕ್ಕಿ ಕೂತಿರುವಾಗ ಅತ್ತೆ ನನ್ನ ಮೊಣಕಾಲು ಮುಟ್ಟಿದರು.

"ಸುಧಂಗೆ ಹೇಳ್ಬೇಡ ಮಾರಾಯ್ತಿ. ಹೇಳಿದ್ರೆ ಮಗೂನ ಬಿಡಲ್ಲ ಅವಳು."

ಹದಿನೆಂಟು ವರ್ಷದಲ್ಲಿ ಅವರು ನನ್ನನ್ನು ಏನಾದರೂ ಬೇಡಿಕೊಂಡದ್ದು ಅದೇ ಮೊದಲು. ನಾನು ಹೂಂ ಅಂದೆ. ಅನ್ನಬಾರದಿತ್ತು. ಆದರೆ ಅಂದೆ.

ಸುಧಾ ಬಂದಳು, ಕರೆಂಟೂ ಬಂತು. ಒಲೆ ತೊಳೆದು, ಪಾತ್ರೆಯಲ್ಲಿ ಉಳಿದಿದ್ದ ಅರ್ಧಕ್ಕೆ ಮತ್ತಷ್ಟು ಮಜ್ಜಿಗೆ ಕೂಡಿಸಿ ಬಿಸಿ ಮಾಡಿದೆ. ಗಾಬರಿಯಲ್ಲಿ ಎರಡು ಸಲ ಉಪ್ಪು ಹಾಕಿದೆ. ಅತ್ತೆ ಬಾಗಿಲ ಕುರ್ಚಿಯಲ್ಲಿದ್ದರೂ ಆ ದಿನ ತೀರ್ಪು ಕೊಡಲಿಲ್ಲ. ಎಲ್ಲರೂ ಉಣ್ಣಲು ಕೂತೆವು. ಮೊದಲ ತುತ್ತಿಗೇ ಸುಧಾ ಮುಖ ಹಿಂಡಿದಳು. ತಮಾಷೆಯ ಹುಡುಗಿ ಅವಳು, ಯಾವ ಕೆಟ್ಟ ಮನಸ್ಸೂ ಇಲ್ಲ.

"ಏನಮ್ಮಾ ಇದು, ಸಮುದ್ರ! ಇವತ್ತು ನಿನ್ನ ಮೂಗಿಗೆ ರಜಾನಾ?"

ನಮ್ಮವರು ನಕ್ಕರು. ಅತ್ತೆಯೂ ನಗಲು ನೋಡಿದರು. ಆಗ ನನ್ನ ಬಾಯಿಂದ ಬಂತು.

"ರಜಾ ಹಾಕಿ ಮೂರು ವರ್ಷ ಆಯ್ತು ಸುಧಾ. ನಮಗೆ ಯಾರಿಗೂ ಹೇಳಿಲ್ಲ, ಅಷ್ಟೇ."

ಆಮೇಲೆ ಎಲ್ಲವನ್ನೂ ಹೇಳಿದೆ. ಗ್ಯಾಸು, ಕಡ್ಡಿ, ಬಣ್ಣ ತುಂಬುತ್ತಿದ್ದ ಮಗು, ಯಾವುದನ್ನೂ ಬಿಡಲಿಲ್ಲ. ಹೇಳಲೇಬೇಕಾದ ವಿಷಯವೇ ಅದು, ಈಗಲೂ ನನಗೆ ಅದರಲ್ಲಿ ಅನುಮಾನವಿಲ್ಲ. ಒಂದು ಮಗುವಿನ ಜೀವದ ಪ್ರಶ್ನೆಯನ್ನು ಇಬ್ಬರು ಹೆಂಗಸರು ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಳ್ಳುವಂತಿರಲಿಲ್ಲ. ಆದರೆ ಹೇಳುತ್ತಿರುವಾಗ ನನ್ನ ದನಿ ನನಗೇ ಕೇಳಿಸಿತು. ಅದರಲ್ಲಿ ಗಾಬರಿ ಇತ್ತು, ಕಾಳಜಿಯೂ ಇತ್ತು, ಎರಡನ್ನೂ ಮೀರಿ ಗೆಲುವಿತ್ತು. ಕೇರಂ ಆಟದಲ್ಲಿ ರಾಣಿಯನ್ನು ಕೆಡವಿದವಳ ಗೆಲುವು. ಅದನ್ನು ಕೇಳಿ ನಾನೇ ದಂಗಾದೆ. ಆಗಲೂ ನಿಲ್ಲಿಸಲಿಲ್ಲ.

ಸುಧಾ ಮಗುವನ್ನು ತೊಡೆಗೆ ಎಳೆದುಕೊಂಡಳು. ಅತ್ತೆ ತಟ್ಟೆಗೆ ನೀರು ಹಾಕಿ ಎದ್ದರು. ಮೊಸರನ್ನ ಉಣ್ಣದೆ ಅವರು ಎದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕೈ ತೊಳೆಯುತ್ತಾ, ನನ್ನ ಕಡೆ ತಿರುಗದೆ, "ಹೇಳ್ಬೇಡ ಅಂದಿದ್ದೆ" ಎಂದರು. ಅಷ್ಟೇ. ಆಮೇಲೆ ನಮ್ಮವರು ನನಗೆ ಹೇಳಿದ್ದೂ ಒಂದೇ ಮಾತು: "ಹೇಳ್ಬೇಕಿತ್ತು. ಹಾಗೆ ಹೇಳ್ಬಾರ್ದಿತ್ತು." ಇಪ್ಪತ್ತು ಮಾತಾಡಿದ್ದರೆ ಜಗಳವಾಡಬಹುದಿತ್ತು, ಒಂದಕ್ಕೆ ಏನು ಮಾಡುವುದು?

ಮರುದಿನ ಬೆಳಿಗ್ಗೆ ಸುಧಾ ಮಗುವನ್ನು ಕರೆದುಕೊಂಡು ಹೋದಳು. ಸಕ್ರೆಬೈಲಿಗೆಂದು ಕಲಸಿಟ್ಟ ಬುತ್ತಿಯನ್ನು ನಾವು ಮೂವರೂ ಮಧ್ಯಾಹ್ನ ಒಬ್ಬರ ಮುಖ ಒಬ್ಬರು ನೋಡದೆ ಉಂಡೆವು. ಮುಂದಿನ ವಾರ ಡಾಕ್ಟರರ ಹತ್ತಿರ ಹೋದೆವು. ಬರಬಹುದು, ಬರದೆಯೂ ಇರಬಹುದು, ಇಷ್ಟು ದಿನವಾದ ಮೇಲೆ ಹೇಳಲಿಕ್ಕಾಗುವುದಿಲ್ಲ ಎಂದರು. ನಮ್ಮವರು ಗ್ಯಾಸ್ ಸೋರಿದರೆ ಕಿರಿಚುವ ಒಂದು ಯಂತ್ರ ತಂದು ಗೋಡೆಗೆ ಹಾಕಿಸಿದರು. ಉರಿ ಆರಿದರೆ ತಾನೇ ಬಂದ್ ಆಗುವ ಒಲೆಯೂ ಬಂತು. ಮನೆ ಭದ್ರವಾಯಿತು.

ಒಂದು ಸಂಜೆ ಆಫೀಸಿನಿಂದ ಬಂದು ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಇರಲಿಲ್ಲ. ಅತ್ತೆ ಅದನ್ನು ನಡುಮನೆಯ ಮೂಲೆಗೆ ಹಾಕಿಕೊಂಡು ಟೀವಿಯ ಕಡೆ ಮುಖ ಮಾಡಿ ಕೂತಿದ್ದರು. ಟೀವಿ ಹಾಕಿರಲಿಲ್ಲ. ಅಡುಗೆಮನೆ ನನ್ನದಾಯಿತು. ಪಟ್ಟಿಯೂ ನನ್ನದೇ. ಭಾನುವಾರ ನಾನೊಬ್ಬಳೇ ಕೂತು ಬರೆದೆ. ಅತ್ತೆಯನ್ನು ಕೇಳಿದರೆ "ನಿಂಗೆ ತೋಚಿದ್ದು ಮಾಡು" ಎಂದರು. ಗುರುವಾರವನ್ನೂ ಬಿಡದೆ ತುಂಬಿಸಿದೆ. ಅಂಗೈ ಮೇಲೆ ಸಾರು ಬಿಟ್ಟುಕೊಂಡು ನೆಕ್ಕಿದೆ, ಯಾರೂ ಏನೂ ಅನ್ನಲಿಲ್ಲ. ನೀವು ನಂಬಿದರೆ ನಂಬಿ, ಒಂದು ತಿಂಗಳು ನನ್ನ ಅಡುಗೆ ನನ್ನ ಬಾಯಿಗೇ ಹತ್ತಲಿಲ್ಲ. ಬಾಗಿಲಿನ ಕಡೆ ತಿರುಗಿ "ಸಾಕಾ ಅತ್ತೆ?" ಎಂದು ಕೇಳಿ, ಅಲ್ಲಿ ಯಾರೂ ಇಲ್ಲದ್ದನ್ನು ಕಂಡು ಎಷ್ಟು ಸಲ ಬೆಪ್ಪಾದೆನೋ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಕಚೇರಿಯಲ್ಲಿ ನನ್ನದಲ್ಲದ ತಪ್ಪಿಗೆ ಮಾತು ಕೇಳಿಸಿಕೊಂಡು ಬಂದಿದ್ದೆ. ಬೇಳೆ ಕುದಿಯುತ್ತಿತ್ತು. ಉಪ್ಪು ಹಾಕಿ ಡಬ್ಬಿ ಮುಚ್ಚಿದೆ. ನಡುಮನೆಯ ಮೂಲೆಯಿಂದ, ಎಷ್ಟೋ ದಿನದ ಮೇಲೆ, ದನಿ ಬಂತು.

"ಜಾಸ್ತಿ ಆಯ್ತು."

ನೆಕ್ಕಿ ನೋಡಿದೆ. ಜಾಸ್ತಿಯಾಗಿತ್ತು. ನನಗೆ ನಗುವೋ ಅಳುವೋ ತಿಳಿಯಲಿಲ್ಲ. ನಡುಮನೆಗೆ ಹೋಗಿ, "ಏಳಿ ಅತ್ತೆ" ಎಂದೆ. "ಯಾಕೆ?" ಎಂದರು. "ಕುರ್ಚಿ ಬೇಕು" ಎಂದೆ. ಅವರು ಎದ್ದರು. ಕುರ್ಚಿಯನ್ನು ತಂದು ಅಡುಗೆಮನೆಯ ಬಾಗಿಲಲ್ಲಿ ಹಾಕಿ, "ಕೂತ್ಕೊಳ್ಳಿ" ಎಂದೆ. ತಪ್ಪಾಯಿತು ಎಂದೂ ಹೇಳಬೇಕೆಂದಿದ್ದೆ, ಅದರ ಬದಲು ಕುರ್ಚಿಯ ಧೂಳು ಒರೆಸಿದೆ. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ, "ಯಾರ ಜೊತೆ ಜಗಳ ಇವತ್ತು?" ಎಂದು ಕೇಳುತ್ತಾ ಕೂತರು.

ಆದರೆ ಮಗು ಉಳಿಯಲು ಬರಲಿಲ್ಲ. ಹೋದ ಬೇಸಿಗೆಯಲ್ಲಿ ಸುಧಾ ಈಜು ಕಲಿಕೆ, ಡ್ರಾಯಿಂಗ್ ಕ್ಲಾಸು ಎಂದಳು. ಶನಿವಾರಗಳಲ್ಲಿ ಬಂದರೂ ಮಗುವಿನ ಕೈ ಬಿಡುತ್ತಿರಲಿಲ್ಲ, ಸಂಜೆಯ ಬಸ್ಸಿಗೇ ಹೊರಟುಬಿಡುತ್ತಿದ್ದಳು. ಅವಳ ತಪ್ಪೇನೂ ಇಲ್ಲ. ಈ ವರ್ಷ ಮಾರ್ಚಿನಲ್ಲಿ ನಾನೇ ಫೋನು ಮಾಡಿದೆ. ಒಲೆಯ ವಿಷಯ, ಯಂತ್ರದ ವಿಷಯ ಎಲ್ಲ ಹೇಳಿದೆ. ಅವಳು, "ಅತ್ತಿಗೆ, ನೀವು ಮನೇಲಿ ಇರ್ತೀರಾ?" ಎಂದಳು. "ನಾನು ಆಫೀಸಿಗೆ ಹೋಗ್ತೀನಿ. ನಿಮ್ಮಮ್ಮ ಇರ್ತಾರೆ" ಎಂದೆ. "ಮೂರು ವರ್ಷ ನನ್ನ ಕೈ ನೋಡಿ ಉಪ್ಪು ಹೇಳಿದ್ದಾರೆ ಸುಧಾ. ನಿನ್ನ ಮಗಳ ಮೇಲೆ ಅವರ ಕಣ್ಣಿದ್ರೆ ಸಾಕು, ನಂಗೆ ಭಯ ಇಲ್ಲ." ಆ ಕಡೆಯಿಂದ ಮೂಗು ಎಳೆದ ಸದ್ದು ಕೇಳಿಸಿತು. ಕಳಿಸುತ್ತೇನೆ ಎಂದಳು.

ನಿನ್ನೆ ಸಂಜೆ ಬಂದಳು ಇಂಚರ. ಎಂಟು ವರ್ಷ, ಎರಡು ಹಲ್ಲಿಲ್ಲ, ನನ್ನ ಭುಜದವರೆಗೆ ಎತ್ತರ. ಬ್ಯಾಗು ಬಿಸಾಕಿ ಅಜ್ಜಿಯ ಮಡಿಲಿಗೆ ಬಿದ್ದಳು. ಅತ್ತೆ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆಲ್ಲ ಮಾಡುತ್ತಿದ್ದ ಹಾಗೆ, ನೆತ್ತಿಗೆ ಮೂಗಿಟ್ಟು ಉದ್ದಕ್ಕೆ ಉಸಿರೆಳೆದುಕೊಂಡರು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಮುಖ ಎತ್ತದೆ ನನ್ನನ್ನು ಕರೆದರು.

"ಬಾ ಇಲ್ಲಿ. ನೀನು ನೋಡಿ ಹೇಳು."

"ಏನು ಅತ್ತೆ?"

"ಮಗು ತಲೆ. ಹೇಗಿದೆ ಹೇಳು. ನಂಗೆ ಇವಳು ಮೂರು ವರ್ಷದೋಳಿದ್ದಾಗಿನ ವಾಸನೆಯೇ ನೆನಪಿರೋದು. ಆಮೇಲಿಂದು ಗೊತ್ತೇ ಇಲ್ಲ."

ಐದು ವರ್ಷ! ಈ ಐದು ವರ್ಷದಲ್ಲಿ ಆ ಮೂಗಿನ ಬಗ್ಗೆ ನಾನು ಏನೆಲ್ಲ ಯೋಚಿಸಿರಲಿಲ್ಲ? ಉಪ್ಪು ಯೋಚಿಸಿದ್ದೆ, ಗ್ಯಾಸು ಯೋಚಿಸಿದ್ದೆ, ಕುರ್ಚಿ ಯೋಚಿಸಿದ್ದೆ. ಇದೊಂದು ನನ್ನ ತಲೆಗೆ ಬಂದೇ ಇರಲಿಲ್ಲ. ನಾಚಿಕೆಯಾಯಿತು. ಕುರ್ಚಿಯ ಪಕ್ಕ ಮೊಣಕಾಲೂರಿ ಕೂತು ಮಗುವಿನ ನೆತ್ತಿಗೆ ಮೂಗಿಟ್ಟೆ.

"ಬಿಸಿಲು, ಅತ್ತೆ. ಕೊಬ್ಬರಿ ಎಣ್ಣೆ. ಬಸ್ಸಿನ ಧೂಳು. ಬೆವರು ಸ್ವಲ್ಪ ಹುಳಿಹುಳಿ, ಮಾವಿನಕಾಯಿ ಹೆಚ್ಚಿದ ಹಾಗೆ."

"ಹಾಲಿನ ವಾಸನೆ?"

ಒಂದು ಗಳಿಗೆ ಸುಳ್ಳು ಹೇಳೋಣವೆನ್ನಿಸಿತು. "ಇಲ್ಲ ಅತ್ತೆ" ಎಂದೆ, ಈ ಸಲ ಮೆಲ್ಲಗೆ. "ಅದು ಹೋಗಿದೆ. ದೊಡ್ಡವಳಾಗಿದ್ದಾಳೆ."

ಮಗು ಕಚಗುಳಿಯೆಂದು ಕೊಸರಾಡುತ್ತಿತ್ತು. ಅತ್ತೆ ಅದನ್ನು ಬಿಡದೆ, ಕಣ್ಣು ಮುಚ್ಚಿ, ತಮ್ಮ ಮೂಗನ್ನು ಮತ್ತೆ ಆ ನೆತ್ತಿಗೆ ಒತ್ತಿದರು.

"ಇನ್ನೊಂದ್ಸಲ ಹೇಳು" ಎಂದರು.